ಹನ್ನೊಂದನೆಯವರು ಇನ್ನೂ ದಾರಿಯಲ್ಲಿದ್ದರು

ನಿನ್ನೆ ಸಂಜೆ ಕಾರವಾರದ ಕಡಲ ತೀರದಲ್ಲಿ ತೆಗೆದ ಒಂದು ಚಿತ್ರ ನನ್ನ ಮೊಬೈಲಿಗೆ ಬಂದಿದೆ. ಹತ್ತು ಸೈಕಲ್, ಹತ್ತು ನಗುಮುಖ, ಹಿಂದೆ ಮುಳುಗುತ್ತಿರುವ ಸೂರ್ಯ. ಕೆಳಗೆ ‘ನಾವೆಲ್ಲರೂ ಕ್ಷೇಮವಾಗಿ ತಲುಪಿದೆವು’ ಎಂದು ಬರೆದಿದ್ದಾರೆ. ಆ ಗುಂಪಿನಲ್ಲಿರುವುದು ಹನ್ನೊಂದು ಜನ. ಸೂರ್ಯ ಮುಳುಗುವ ಆ ಹೊತ್ತಿಗೆ ಹನ್ನೊಂದನೆಯವರು ಅಮದಳ್ಳಿಯ ಹತ್ತಿರ ಎದುರುಗಾಳಿಯಲ್ಲಿ ಪೆಡಲ್ ತುಳಿಯುತ್ತಿದ್ದರು. ನನಗೆ ಗೊತ್ತು, ಏಕೆಂದರೆ ನಾನು ಅವರ ಜೊತೆಗಿದ್ದೆ. ರಾತ್ರಿ ಕಳೆದರೂ ಸಿಟ್ಟು ಇಳಿದಿಲ್ಲ.

ಕನ್ಯಾಕುಮಾರಿಯಿಂದ ಪನವೇಲಿನವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತುಳಿಯಲು ಹೊರಟ ತಂಡ ಅದು. ಭಟ್ಕಳದಿಂದ ಕಾರವಾರದವರೆಗೆ, ಸುಮಾರು 125 ಕಿಲೋಮೀಟರ್, ಒಂದು ದಿನದ ಮಟ್ಟಿಗೆ ಜೊತೆಗೆ ಬರುತ್ತೀರಾ ಎಂದು ಕೇಳಿದರು. ನನ್ನ ಸೈಕಲ್ ಹುಚ್ಚು ನಿಮಗೆಲ್ಲ ಗೊತ್ತಿರುವುದೇ. ಹಿಂದಿನ ದಿನವೇ ಸೈಕಲ್ ಸಮೇತ ಭಟ್ಕಳಕ್ಕೆ ಹೋಗಿ ಉಳಿದೆ.

ಬೆಳಗಿನ ಭಾಗ ಎಷ್ಟು ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು. ಕತ್ತಲಿರುವಾಗಲೇ ಹೊರಟೆವು. ಒಬ್ಬರ ಹಿಂದೆ ಒಬ್ಬರು, ಒಂದೇ ಸಾಲು. ಮುಂದಿನವರು ‘ಗುಂಡಿ’ ಎಂದರೆ ಆ ಮಾತು ಬಾಯಿಂದ ಬಾಯಿಗೆ ದಾಟಿ ಕೊನೆಯವರನ್ನು ಮುಟ್ಟುತ್ತಿತ್ತು. ಐದು ನಿಮಿಷಕ್ಕೊಮ್ಮೆ ಮುಂದಿನವರು ಪಕ್ಕಕ್ಕೆ ಸರಿದು ಹಿಂದಕ್ಕೆ ಬರುವುದು, ಎರಡನೆಯವರು ಗಾಳಿಗೆ ಎದೆ ಕೊಡುವುದು. ಸೈಕಲ್ ತುಳಿಯುವವರ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನ ಸೈಕಲಿನ ಮರೆಯಲ್ಲಿ ಹೋದರೆ ಸುಮಾರು ಕಾಲುಭಾಗ ಶ್ರಮ ಉಳಿಯುತ್ತದೆ. ಒಬ್ಬರ ದಣಿವನ್ನು ಇನ್ನೊಬ್ಬರು ಸ್ವಲ್ಪ ಹೊತ್ತು ಹೊರುವುದಕ್ಕಾಗಿಯೇ ಗುಂಪು ಇರುವುದು. ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ಹೋಗುವಾಗ ಮಂಜು ಇನ್ನೂ ಹೊಳೆಯ ಮೇಲಿತ್ತು. ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆಯ ಸೇತುವೆ ಅರ್ಧ ಮಾತ್ರ ಕಾಣುತ್ತಿತ್ತು. ಹನ್ನೆರಡು ಸೈಕಲ್‌ಗಳ ಸರಪಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇಂಥ ಜನರ ಜೊತೆ ಪನವೇಲಿನವರೆಗೂ ಹೋಗಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು.

ಮಿರ್ಜಾನಿನಲ್ಲಿ ಅಘನಾಶಿನಿ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದ ಅಕ್ಕನ ಹಿಂದಿನ ಚಕ್ರ ಪಂಕ್ಚರ್ ಆಯಿತು. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದರು.) ಹಾವೇರಿ ಕಡೆಯವರು, ಅಂಚೆ ಕಚೇರಿಯಲ್ಲಿ ದುಡಿದು ಕಳೆದ ವರ್ಷ ನಿವೃತ್ತರಾದವರು. ಅವರು ಕೂಗಿದ್ದು ಮುಂದಿನವರಿಗೆ ಕೇಳಿಸಿತು. ಇಬ್ಬರು ತಿರುಗಿ ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ಸಾಲು ನಿಲ್ಲಲಿಲ್ಲ.

ಟ್ಯೂಬು, ಪಂಪು ಎಲ್ಲವೂ ಜೊತೆಗೆ ಬರುವ ವಾಹನದಲ್ಲಿತ್ತು. ವಾಹನ ಊಟದ ಏರ್ಪಾಡಿಗೆಂದು ಅಂಕೋಲೆಗೆ ಹೋಗಿಬಿಟ್ಟಿತ್ತು. ಮುಂದಾಳುವಿಗೆ ಫೋನ್ ಮಾಡಿದೆ. ‘ನೀವು ನಿಧಾನಕ್ಕೆ ಬನ್ನಿ, ನಾವು ನಿಂತರೆ ಸರಾಸರಿ ವೇಗ ಕೆಡುತ್ತದೆ’ ಎಂದರು. ನನ್ನ ಬಳಿಯಿದ್ದ ಟ್ಯೂಬು ಅಕ್ಕನ ಚಕ್ರಕ್ಕೆ ಆಗುವಂಥದ್ದಲ್ಲ. ಸೈಕಲ್ ತಳ್ಳಿಕೊಂಡು ಹಿರೇಗುತ್ತಿಯ ಕಡೆ ನಡೆದೆವು. ದಾರಿಬದಿಯಲ್ಲಿ ಲಾರಿ ಪಂಕ್ಚರ್ ತಿದ್ದುವ ಒಂದು ಅಂಗಡಿ ಸಿಕ್ಕಿತು. ಅಲ್ಲಿಯ ಹುಡುಗ ಟೈರಿನ ಒಳಗೆ ಬೆರಳಾಡಿಸಿ, ಚಿಮಟದಿಂದ ಒಂದು ಉಕ್ಕಿನ ಎಳೆ ಹೊರಗೆಳೆದ. ಕೂದಲಿಗಿಂತ ಸ್ವಲ್ಪ ದಪ್ಪ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಸಿಡಿದ ಲಾರಿ ಟೈರುಗಳಿಂದ ಉದುರಿ ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುವಂಥದ್ದು. ತೇಪೆ ಹಾಕಿದ ಮೇಲೆ ಇನ್ನೊಂದು ತೊಡಕು: ಅಕ್ಕನದು ಸಪೂರ ಬಾಯಿಯ ಪ್ರೆಸ್ಟಾ ವಾಲ್ವ್, ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ನನ್ನ ಚೀಲದ ತಳದಲ್ಲಿ ಕಡಲೆಕಾಳಿನ ಗಾತ್ರದ ಒಂದು ಹಿತ್ತಾಳೆ ಅಡಾಪ್ಟರ್ ಸಿಕ್ಕಿದ್ದರಿಂದ ಬಚಾವಾದೆವು. ಆ ಹುಡುಗ ಊಟದ ಡಬ್ಬಿ ತೆರೆದವನು ಹಾಗೆಯೇ ಮುಚ್ಚಿಟ್ಟು ಎದ್ದು ಬಂದಿದ್ದ. ಅವನಿಗೂ ನಮಗೂ ಯಾವ ಸಂಬಂಧ ಹೇಳಿ? ಒಂಬತ್ತು ದಿನ ಜೊತೆಗೆ ಉಂಡು, ಜೊತೆಗೆ ಮಲಗೆದ್ದವರು ನಿಲ್ಲಲಿಲ್ಲ.

ಅಷ್ಟರಲ್ಲಿ ಗಾಳಿ ಎದ್ದಿತ್ತು. ಮಧ್ಯಾಹ್ನದ ಮೇಲೆ ನಮ್ಮ ಕರಾವಳಿಯಲ್ಲಿ ವಾಯವ್ಯದಿಂದ ಬೀಸುವ ಕಡಲಗಾಳಿ ಉತ್ತರಕ್ಕೆ ಹೋಗುವವರ ಮುಖಕ್ಕೇ ಹೊಡೆಯುತ್ತದೆ. ಹತ್ತು ಜನ ಸರದಿಯಲ್ಲಿ ಸೀಳಿಕೊಂಡು ಹೋಗುವ ಗಾಳಿಯನ್ನು ಹಿಂದೆ ಬಿದ್ದವರು ಒಬ್ಬರೇ ಸೀಳಬೇಕು. ಮೊದಲೇ ನಿಧಾನ ಇರುವವರು ಇನ್ನಷ್ಟು ನಿಧಾನವಾಗುತ್ತಾರೆ. ಆಮೇಲೆ ‘ಅವರಿಗೆ ಶಕ್ತಿ ಸಾಲದು’ ಎಂದು ಹೇಳುವುದು ಎಷ್ಟು ಸುಲಭ! ನಾನು ಮುಂದೆ, ಅಕ್ಕ ಹಿಂದೆ, ಗಂಗಾವಳಿ ದಾಟಿದೆವು.

ಶಿರೂರಿನಲ್ಲಿ ಅಕ್ಕ ಸೈಕಲ್ ಇಳಿದರು. ‘ಇಲ್ಲಿಯೇ ಅಲ್ಲವೇ ತಮ್ಮಾ?’ ಎಂದರು. ಹೌದು, ಇಲ್ಲಿಯೇ. 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆಬದಿಯ ಚಹಾದಂಗಡಿಯನ್ನೂ ನಿಂತಿದ್ದ ಲಾರಿಗಳನ್ನೂ ಹೊಳೆಗೆ ತಳ್ಳಿದ ಜಾಗ. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಈ ದಂಡೆಯ ಮೇಲೆ ಜನ ಕಾದಿದ್ದು ನಿಮಗೆ ನೆನಪಿರಬಹುದು. ಲಾರಿಯನ್ನು ನೀರಿನಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಎಪ್ಪತ್ತು ದಿನ ದಾಟಿತ್ತು. ಅಕ್ಕ ಬಾಟಲಿಯಲ್ಲಿದ್ದ ನೀರು ಕುಡಿಯದೆ, ಹೊಳೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಉಳಿದ ಹತ್ತು ಜನ ಇಲ್ಲಿ ಇಳಿದರೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ.

ಅವರ ವಾದವೂ ನನಗೆ ಗೊತ್ತು. ನಿಂತರೆ ಮೈ ತಣಿದು ಕಾಲು ಹಿಡಿಯುತ್ತದೆ, ಹೆದ್ದಾರಿಯ ಅಂಚಿನಲ್ಲಿ ಗುಂಪಾಗಿ ನಿಲ್ಲುವುದು ಅಪಾಯ, ಬೆಳಕಿರುವಾಗಲೇ ಊರು ಸೇರಬೇಕು. ಬ್ರೆವೆ ಎಂಬ ದೂರದ ಸೈಕಲ್ ಸವಾರಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಅಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ ಎಂದೂ ಒಬ್ಬರು ರಾತ್ರಿ ಹೇಳಿದರು. ಸರಿ, ಅಲ್ಲಿಗೆ ಬರುವವರಿಗೆ ಅದು ಮೊದಲೇ ಗೊತ್ತಿರುತ್ತದೆ, ತಮ್ಮ ಟ್ಯೂಬು ತಾವೇ ಹೊತ್ತಿರುತ್ತಾರೆ. ಇಲ್ಲಿ ಅಕ್ಕನ ಟ್ಯೂಬನ್ನು ವಾಹನದಲ್ಲಿ ಹಾಕಿಸಿಕೊಂಡು, ಆ ವಾಹನವನ್ನೂ ಮುಂದೆ ಓಡಿಸಿದಿರಿ. ಹೆದ್ದಾರಿಯಲ್ಲಿ ನಿಲ್ಲುವುದು ಬೇಡ, ಅಂಕೋಲೆಯ ಊಟದ ಮನೆಯಲ್ಲಿ ಕಾಯಬಹುದಿತ್ತಲ್ಲ? ನಾವು ಅಲ್ಲಿಗೆ ಬಂದಾಗ ಎರಡು ಪೊಟ್ಟಣ ಅನ್ನ ಇತ್ತು, ಜನ ಇರಲಿಲ್ಲ.

ಇಷ್ಟು ಸಿಟ್ಟೇಕೆ ಎಂದರೆ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಅರಬೈಲ್ ಘಟ್ಟ ಹತ್ತುವಾಗ ಗೆಳೆಯನೊಬ್ಬನನ್ನು ಹಿಂದೆ ಬಿಟ್ಟು ಯಲ್ಲಾಪುರ ಸೇರಿದ್ದೆ. ಅವನು ಬಂದದ್ದು ಎರಡು ಗಂಟೆಯ ನಂತರ, ಮೊಣಕಾಲಿಗೆ ಕರವಸ್ತ್ರ ಕಟ್ಟಿಕೊಂಡು. ಒಂದು ಮಾತೂ ಬೈಯಲಿಲ್ಲ. ಆಮೇಲೆ ನನ್ನ ಜೊತೆ ಸೈಕಲ್ ತುಳಿಯಲೂ ಇಲ್ಲ. ಅಂದಿನಿಂದ ನಾನು ಸಾಲಿನ ಹಿಂಭಾಗ ಬಿಟ್ಟಿಲ್ಲ.

ನಿನ್ನೆ ಕಾರವಾರ ಮುಟ್ಟುವಾಗ ಏಳು ಗಂಟೆ. ಅಕ್ಕ ಯಾರನ್ನೂ ದೂರಲಿಲ್ಲ. ಊಟ ಮಾಡುತ್ತ, ‘ನಾಳೆಯಿಂದ ನಾನು ಒಂದು ಗಂಟೆ ಮೊದಲೇ ಹೊರಡುತ್ತೇನೆ, ನನ್ನಿಂದ ಯಾರಿಗೂ ತಡವಾಗುವುದು ಬೇಡ’ ಎಂದರು. ಅದನ್ನು ಕೇಳಿ ಮುಂದಾಳು ‘ಒಳ್ಳೆಯದು’ ಎಂದರು. ಒಳ್ಳೆಯದಂತೆ!

ಇಂದು ಬೆಳಿಗ್ಗೆ ಐದಕ್ಕೆ ಅಕ್ಕನನ್ನು ಕಾಳಿ ಸೇತುವೆಯವರೆಗೆ ಬಿಟ್ಟು ಬಂದೆ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನಗಳಿಗೆ ಹೊಸ ಸೇತುವೆಯೇ ಗತಿ. ಲಾರಿಗಳ ನಡುವೆ ಅವರ ಸೈಕಲಿನ ಪುಟ್ಟ ಕೆಂಪು ದೀಪ ಸದಾಶಿವಗಡದ ಕಡೆ ಹೋಗುವುದನ್ನು ಕಾಣುವಷ್ಟು ದೂರ ನೋಡಿದೆ. ಹಿತ್ತಾಳೆ ಅಡಾಪ್ಟರ್ ಅವರ ಚೀಲದಲ್ಲಿ ಹಾಕಿದ್ದೇನೆ, ಪಂಪನ್ನೂ ಕೊಟ್ಟಿದ್ದೇನೆ.

ಗೋವಾದ ಕಾಣಕೋಣ, ಮಡಗಾಂವ್ ಕಡೆಯ ಸೈಕಲ್ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಕೂಡಲೇ ತಿಳಿಸಿ. ಮಧ್ಯಾಹ್ನದ ಗಾಳಿ ಏಳುವ ಮೊದಲು ಯಾರಾದರೂ ಒಬ್ಬರು ಅವರ ಮುಂದೆ ಸೈಕಲ್ ತುಳಿಯಬೇಕು.