ಮುಂದಿನ ಸಾಲಿನ ಮೊಬೈಲ್ ಮಹಾಶಯನಿಗೆ

ನಿನ್ನೆ ನಾಟಕಕ್ಕೆ ಹೋಗಿದ್ದೆ. ನನ್ನ ಮುಂದೆ ಕೂತಿದ್ದವನು ಮೊದಲ ಬೆಲ್ಲಿನಿಂದ ಕೊನೆಯ ಚಪ್ಪಾಳೆವರೆಗೂ ಮೊಬೈಲ್ ಇಳಿಸಲೇ ಇಲ್ಲ. ನಾನು ನೋಡಿದ್ದು ಅರ್ಧ ನಾಟಕ, ಅರ್ಧ ಅವನ ಸ್ಕ್ರೀನು. ಮುಗಿದ ಮೇಲೆ ಕೇಳಿಯೇಬಿಟ್ಟೆ (ನನ್ನ ಬಾಯಿ ನಿಮಗೆ ಗೊತ್ತಲ್ಲ). "ರೆಕಾರ್ಡ್ ಮಾಡದಿದ್ರೆ ನಾಳೆ ಯಾರಿಗೆ ನೆನಪಿರತ್ತೆ ಮೇಡಂ?" ಅಂದ.

ಅಮೆರಿಕದ ರಂಗನಟಿ ಲಾರೆಟ್ ಟೇಲರ್ ರೆಕಾರ್ಡ್ ಇಲ್ಲದೆಯೂ ನೆನಪಿದ್ದಾಳಲ್ಲಪ್ಪಾ!

ಶುರು ಮಾಡಿದಳು ಮತ್ತೆ, ಅನ್ನಬೇಡಿ. 1912ರಲ್ಲಿ ನ್ಯೂಯಾರ್ಕಿನಲ್ಲಿ 'ಪೆಗ್ ಓ ಮೈ ಹಾರ್ಟ್' ನಾಟಕದ ಹುಡುಗಿಯಾದಾಗ ಅವಳಿಗೆ ಮೂವತ್ತು ಹತ್ತಿರ. ಬರೆದವನು ಅವಳ ಗಂಡ ಹಾರ್ಟ್ಲಿ ಮ್ಯಾನರ್ಸ್. 600ಕ್ಕೂ ಜಾಸ್ತಿ ಪ್ರದರ್ಶನ. 1928ರಲ್ಲಿ ಗಂಡ ಹೋದ. ಆಮೇಲೆ ಕುಡಿತ. 1938ರಲ್ಲಿ 'ಔಟ್‌ವರ್ಡ್ ಬೌಂಡ್' ನಾಟಕದಲ್ಲಿ ಒಮ್ಮೆ ಎದ್ದು ನಿಂತಳು, ಮತ್ತೆ ಮಾಯ. ಇವಳ ಕತೆ ಮುಗೀತು ಅಂತ ಜನ ಕೈ ತೊಳೆದುಕೊಂಡರು.

1944ರ ಡಿಸೆಂಬರ್, ಶಿಕಾಗೋ ಚಳಿ. ಆಗಿನ್ನೂ ಹೆಸರಾಗದ ಟೆನೆಸಿ ವಿಲಿಯಮ್ಸ್ ಬರೆದ 'ದಿ ಗ್ಲಾಸ್ ಮೆನಾಜರಿ'. ಅವಳದು ಅಮಾಂಡಾ ಪಾತ್ರ. ಹಳೇ ವೈಭವದ ಗುಂಗಿನಲ್ಲೇ ಇರುವ, ಕಾಲು ಎಳೆದು ನಡೆಯುವ ಮಗಳಿಗೊಂದು ಗಂಡು ಸಿಗಲಿ ಅಂತ ಒದ್ದಾಡುವ ಅಮ್ಮ. ಮೊದಲು ಜನವೇ ಬರಲಿಲ್ಲ. ಪತ್ರಿಕೆಯ ವಿಮರ್ಶಕಿ ಕ್ಲಾಡಿಯಾ ಕ್ಯಾಸಿಡಿ ಬಿಡದೆ ಬರೆದರು, ಜನರನ್ನು ಎಳೆದು ತಂದರು. 1945ರ ಮಾರ್ಚ್ 31ಕ್ಕೆ ನಾಟಕ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇರಿಗೆ ಬಂತು. ಅಂದು ಯುವಕರಾಗಿ ನೋಡಿದ ನಟರು ಮುದುಕರಾದ ಮೇಲೂ ಅವಳ ಮಾತೇ ಆಡುತ್ತಿದ್ದರು. 1946ರ ಡಿಸೆಂಬರಿನಲ್ಲಿ ತೀರಿಕೊಂಡಳು. 1950ರಲ್ಲಿ ಆ ನಾಟಕ ಸಿನಿಮಾ ಆಯಿತು, ಬೇರೆ ಅಮಾಂಡಾ ಜೊತೆ.

ಅವಳು ಸಿನಿಮಾನೇ ಮಾಡಲಿಲ್ವಾ ಅಂತ ಕೇಳ್ತೀರಿ. ಮಾಡಿದ್ದಾಳೆ, ಎಲ್ಲ ಮೂಕಿ. ಅಂಥ ಮಾತುಗಾತಿಗೆ ಮೂಕಿ ಚಿತ್ರ! ರೆಕಾರ್ಡ್ ಇದ್ದಿದ್ದರೆ ಚೆನ್ನಾಗಿತ್ತಲ್ವಾ ಅಂತಾನೂ ಅಂತೀರಿ. ಚೆನ್ನಾಗೇ ಇರುತ್ತಿತ್ತು, ಒಪ್ಪಿದೆ. ಆದರೆ ಅದನ್ನು ನನ್ನ ಮೂಗಿನ ಮುಂದೆ ಮಾಡಬೇಡಿ ಮಾರಾಯರೇ.

ಇನ್ನು ನನ್ನ ಕಳ್ಳತನ ಹೇಳಿಬಿಡುತ್ತೇನೆ. ಹಾಲಿವುಡ್ಡಿನ ಸೆಲ್ಜ್ನಿಕ್ ಸಿನಿಮಾ ಕಂಪನಿಗೆ ಒಂದು ಪಾತ್ರಕ್ಕಾಗಿ ಅವಳು ಕೊಟ್ಟ ಸ್ಕ್ರೀನ್ ಟೆಸ್ಟ್ (ಕ್ಯಾಮೆರಾ ಮುಂದಿನ ನಟನೆಯ ಪರೀಕ್ಷೆ) ಉಳಿದಿದೆ, ಅದರಲ್ಲಿ ದನಿಯೂ ಇದೆ. ಮೊಬೈಲ್ ಮಹಾಶಯನಿಗೆ ಅಷ್ಟು ಬೈದು ಮನೆಗೆ ಬಂದ ನಾನು, ರಾತ್ರಿ ಇದೇ ಮೊಬೈಲಿನಲ್ಲಿ ಅದನ್ನು ನಾಲ್ಕು ಸಲ ನೋಡಿದೆ. ನಟಿಸುತ್ತಿದ್ದಾಳೆ ಅಂತಲೇ ಅನ್ನಿಸಲ್ಲ. ದಾರಿಯಲ್ಲಿ ಹೋಗ್ತಿದ್ದ ಯಾರೋ ಹೆಂಗಸು ಸುಮ್ನೆ ಒಳಗೆ ಬಂದು ಮಾತಾಡಿದ ಹಾಗಿದೆ.

ಆ ಪಾತ್ರವೂ ಅವಳಿಗೆ ಸಿಗಲಿಲ್ಲ ಬಿಡಿ. ನಮ್ಮ ಮಹಾಶಯ ನಿನ್ನೆಯದನ್ನು ನಾಲ್ಕು ಸಲ ಬೇಡ, ಒಂದೇ ಒಂದು ಸಲ ನೋಡ್ತಾನಾ?