ಬಾಗಿಲು ಎರಡು, ಜನ ನಾಲ್ಕು

ಭುಜದಲ್ಲೊಂದು ನರ ಹಿಡಿದುಕೊಂಡಿದೆ. ಮುಲಾಮು ಹಚ್ಚಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸೀಟ್ ಬೆಲ್ಟ್ ಹಾಕಿಕೊಳ್ಳಲು ಹೋಗಿ ಹೀಗಾಯಿತು ಅಂದರೆ ಆಫೀಸಿನಲ್ಲಿ ಯಾರೂ ನಂಬುತ್ತಿಲ್ಲ.

ಎರಡು ಬಾಗಿಲಿನ ಕೂಪೆ ಕಾರು ಓಡಿಸಿದವರಾದರೆ ನಂಬುತ್ತಾರೆ. ಹಿಂದೆ ಕೂರುವವರೂ ಮುಂದಿನ ಬಾಗಿಲಲ್ಲೇ ನುಗ್ಗಬೇಕು, ಹಾಗಾಗಿ ಬಾಗಿಲು ಉದ್ದ. ಬಾಗಿಲು ಉದ್ದವಾದಷ್ಟೂ ಅದರ ಹಿಂದಿನ, ಬೆಲ್ಟ್ ನೇತುಹಾಕುವ ಕಂಬ ಹಿಂದೆ ಸರಿಯುತ್ತದೆ. ಕಂಬದ ಜೊತೆ ಬೆಲ್ಟೂ ಹೋಗುತ್ತದೆ. ಅದನ್ನು ಹಿಡಿಯಲು ಬೆನ್ನು ತುರಿಸಿಕೊಳ್ಳುವವರ ಹಾಗೆ ಕೈ ತಿರುಚಬೇಕು. ಇದು ಕಾರು ಮಾಡಿದವರಿಗೂ ಗೊತ್ತು. ಅದಕ್ಕೇ ಕೆಲವು ಕೂಪೆಗಳಲ್ಲಿ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕೈ ಮೆಲ್ಲಗೆ ಬಂದು ಬೆಲ್ಟನ್ನು ಮುಂದಕ್ಕೆ ಚಾಚುತ್ತದೆ. ನಾನು ಓಡಿಸಿದ್ದರಲ್ಲೂ ಇತ್ತು. ಆದರೆ ಅದು ಕಾಯುವುದಿಲ್ಲ. ನಾನು ಕನ್ನಡಿ ಸರಿ ಮಾಡಿ, ಕನ್ನಡಕ ಹುಡುಕಿ, ಬ್ಯಾಗಿಗೊಂದು ಜಾಗ ಮಾಡಿ ತಿರುಗುವಷ್ಟರಲ್ಲಿ ಮುನಿಸಿಕೊಂಡು ಒಳಗೆ ಹೋಗಿತ್ತು.

"ಅಭ್ಯಾಸ ಆಗುತ್ತೆ ಮೇಡಂ" ಅಂದ ಸೇಲ್ಸ್ ಹುಡುಗ.

ಈ ಕಾರು ಬೇಕು ಅಂದಿದ್ದು ನಾನಲ್ಲ, ನಮ್ಮವರು. ಆದರೆ ಬೆಳಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು, ಆಫೀಸಿಗೆ ಹೋಗಿ, ಸಂಜೆ ಸಾಮಾನು ತುಂಬಿಕೊಂಡು ಬರುವವಳು ನಾನು. ಅದನ್ನೇ ಹೇಳಿದೆ. "ಇದು ವೀಕೆಂಡ್ ಕಾರಲ್ಲ ಮೇಡಂ, ದಿನಾ ಓಡಿಸಬಹುದು. ಬೇಕಾದ್ರೆ ನಿಮ್ಮ ಬೆಳಗಿನ ರೂಟಲ್ಲೇ ನೋಡಿ" ಅಂದ. ಸುಮ್ನೆ ಮಾತಿಗೆ ಅಂದಿದ್ದಿರಬೇಕು. ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಟೆಸ್ಟ್ ಡ್ರೈವ್ ಅಂದರೆ ಸೇಲ್ಸ್‌ನವರು ಮುಂದೆ ಕೂರಬೇಕಂತೆ. ದಾರಿ, ಬಟನ್ನು, ಮೋಡು ಎಲ್ಲ ಅವರೇ ಹೇಳಬೇಕು. ಹೀಗಾಗಿ ಕಾರು ಬೇಕು ಅಂದವರು, ಆರಡಿ ಎತ್ತರದ ನಮ್ಮ ಯಜಮಾನರು, ಮಗಳ ಜೊತೆ ಹಿಂದೆ ಹೋದರು. ಕೂಪೆಯ ಅಂದವೆಲ್ಲ ಇರುವುದು ಅದರ ಛಾವಣಿಯಲ್ಲಿ. ಮುಂದಿನ ಸೀಟು ದಾಟುತ್ತಿದ್ದಂತೆ ಅದು ಬಾಲದ ಕಡೆಗೆ ಜಾರಲು ಶುರು ಮಾಡುತ್ತದೆ. ಸರಿಯಾಗಿ ಅದೇ ಜಾಗದಲ್ಲಿ ಇವರ ತಲೆ ಇತ್ತು. ದಾರಿಯುದ್ದಕ್ಕೂ ತಲೆ ತಗ್ಗಿಸಿಯೇ ಕೂತಿದ್ದರು. ಮದುವೆಯಾದಾಗಿನಿಂದ ಅವರಲ್ಲಿ ಇಷ್ಟು ವಿನಯ ನಾನು ಕಂಡಿರಲಿಲ್ಲ.

ಹಂಪು ಬಂದಾಗಲೆಲ್ಲ ಹಿಂದಿನಿಂದ ಒಂದು ಸಣ್ಣ "ಅಯ್ಯೋ" ಬರುತ್ತಿತ್ತು. ಟೈರಿನ ಮೇಲೆ 255/35 ಅಂತ ಬರೆದಿತ್ತು. ಅಂದರೆ ಅಗಲ 255 ಮಿಲಿಮೀಟರ್, ಪಕ್ಕದ ರಬ್ಬರಿನ ಎತ್ತರ ಅದರ ಶೇ 35. ಲೆಕ್ಕ ಹಾಕಿದರೆ 9 ಸೆಂಟಿಮೀಟರ್ ಆಸುಪಾಸು. ಗುಂಡಿಗೂ ರಿಮ್ಮಿಗೂ ಮಧ್ಯೆ ಇರುವುದು ಅಷ್ಟೇ ರಬ್ಬರ್. ಸ್ಟೆಪ್ನಿ ಎಲ್ಲಿ ಅಂತ ಕೇಳಿದೆ. "ಬೇಡವೇ ಬೇಡ ಮೇಡಂ, ರನ್‌ಫ್ಲಾಟ್. ಗಾಳಿ ಪೂರ್ತಿ ಹೋದ್ರೂ ನಿಧಾನಕ್ಕೆ 80 ಕಿಲೋಮೀಟರ್ ಹೋಗಬಹುದು." 81ನೇ ಕಿಲೋಮೀಟರಿನಲ್ಲಿ ಏನು ಮಾಡೋದು ಅಂದೆ. ಎಸಿ ಜಾಸ್ತಿ ಮಾಡಿದ.

ಸ್ಕೂಲ್ ಗೇಟು ಬಂತು.

ಬೆಳಗ್ಗೆ ಸ್ಕೂಲ್ ಗೇಟು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಿಲ್ಲಬೇಕು, ಮಗು ಇಳಿಯಬೇಕು, ಹೊರಡಬೇಕು. ಹಿಂದಿನವರ ಕೈ ಹಾರ್ನ್ ಮೇಲೇ ಇರುತ್ತದೆ. ನಮ್ಮ ಹಳೇ ಕಾರು ನಿಂತ ಕ್ಷಣದಲ್ಲಿ ಮಗಳು ಮಾಯವಾಗುತ್ತಾಳೆ. ಇಲ್ಲಿ ಮೊದಲು ಸೇಲ್ಸ್ ಹುಡುಗ ಇಳಿಯಬೇಕು. ಇಳಿದ. ಸೀಟಿನ ಭುಜದ ಮೇಲಿದ್ದ ಹಿಡಿ ಎಳೆದ. ಸೀಟಿನ ಬೆನ್ನು ಬಾಗಿತು. ಆಮೇಲೆ ಸೀಟು ಮುಂದಕ್ಕೆ ಹೊರಟಿತು. ಮೋಟರಿನ ಸೀಟು. ಜೀಂ ಅನ್ನುತ್ತಾ, ಯಾರಿಗೂ ಅವಸರವೇ ಇಲ್ಲ ಅನ್ನುವಂತೆ ಹೊರಟಿತು. ಹಿಂದೆ ಒಂದು ಹಾರ್ನ್. ಕೈಯಲ್ಲಿ ತಳ್ಳಿಬಿಡಪ್ಪಾ ಅಂದೆ. "ತಳ್ಳಬಾರದು ಮೇಡಂ, ಅದಕ್ಕೇ ಹೋಗುತ್ತೆ." ಹೋಗುತ್ತಲೇ ಇತ್ತು. ಹಾರ್ನ್ ಎರಡಾಯಿತು.

ಈಗ ಮಗಳು ಇಳಿಯಬಹುದಲ್ಲ? ಇಲ್ಲ. ಅವಳು ಕೂತಿದ್ದು ನನ್ನ ಬೆನ್ನಿಗೆ, ಗೇಟಿನ ಕಡೆ ಅವರಪ್ಪ. ನಡುವೆ ಮೂರನೇ ಸೀಟಿನ ಬದಲು ಲೋಟ ಇಡುವ ತಟ್ಟೆ. ಹಾಗಾಗಿ ಮೊದಲು ಅವರು ಇಳಿದರು. ಒಂದು ಕಾಲು ಹೊರಗೆ, ಆಮೇಲೆ ತಲೆ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಉಳಿದದ್ದು. ಆಮೇಲೆ ಮಗಳು. ಅವಳ ಬ್ಯಾಗು ಬೆಲ್ಟಿಗೆ ಸಿಕ್ಕಿಕೊಂಡಿತು. ಬಿಡಿಸಿದರೆ ನೀರಿನ ಬಾಟಲಿ ಸೀಟಿನ ಕೆಳಗೆ ಹೋಗಿತ್ತು. ಒಂದು ಮಗು ಇಳಿಸಲು ಇಬ್ಬರು ಗಂಡಸರು ರಸ್ತೆಯಲ್ಲಿ ನಿಂತಿದ್ದರು. ವಾಚ್‌ಮನ್ ಸೀಟಿ ಊದಲು ಬಂದವನು ಸೀಟಿ ಬಾಯಲ್ಲಿಟ್ಟುಕೊಂಡು ಹಾಗೇ ನೋಡುತ್ತಾ ನಿಂತ.

ನಮ್ಮವರು ಮತ್ತೆ ಒಳಗೆ ಮಡಚಿಕೊಂಡರು. ಸೀಟು ವಾಪಸ್ ಹೊರಟಿತು. ಅವರ ಮೊಣಕಾಲಿಗೆ ತಾಗಿತು. ಏನಾದರೂ ಅಡ್ಡ ಸಿಕ್ಕರೆ ಹಿಂದೆ ಸರಿಯುವಷ್ಟು ಬುದ್ಧಿ ಅದಕ್ಕಿದೆಯಂತೆ, ಮತ್ತೆ ಮುಂದಕ್ಕೆ ಹೋಯಿತು. ಮತ್ತೆ ಬಂತು. ಮತ್ತೆ ಮೊಣಕಾಲು. "ಕಾಲು ಸ್ವಲ್ಪ ಒಳಗೆ ತಗೊಳ್ಳಿ ಸರ್." "ಎಲ್ಲಿಗಪ್ಪಾ ತಗೊಳ್ಳಲಿ?" ಹಾರ್ನುಗಳನ್ನು ಎಣಿಸುವುದು ಬಿಟ್ಟಿದ್ದೆ. ಕೊನೆಗೆ ಇವರು, "ನಾನು ನಡ್ಕೊಂಡೇ ಬರ್ತೀನಿ, ನೀವು ಹೊರಡಿ" ಅಂದರು. ಅದಕ್ಕೂ ಸೀಟು ಇನ್ನೊಂದು ಸಲ ಪೂರ್ತಿ ಮುಂದಕ್ಕೆ ಹೋಗಬೇಕಾಯಿತು.

"ಇದೂ ಅಭ್ಯಾಸ ಆಗುತ್ತೆ" ಅಂದ ಹುಡುಗ. ಯಾರಿಗೆ ಅಂತ ಹೇಳಲಿಲ್ಲ. ಹಿಂದಿನ ಕಾರಿನವರಿಗೆ ಆಗುತ್ತೇನೋ.

ಅಲ್ಲಿಂದ ಮುಂದೆ ರಸ್ತೆ ಖಾಲಿ ಇತ್ತು. ಹಿಂದೆ ಯಾರೂ ಇಲ್ಲ. ಹುಡುಗನೂ ಮಾತು ನಿಲ್ಲಿಸಿದ್ದ. ಸ್ಟೀರಿಂಗ್ ಹಿಡಿತಕ್ಕೆ ಬಂತು. ಕಾಲು ಒತ್ತುವ ಮೊದಲೇ ಕಾರು ಮುಂದಿತ್ತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಈ ಕಾರುಗಳಲ್ಲಿ ಹಿಂದಿನ ಸೀಟು ಇಟ್ಟಿರುವುದೇ ಮನೆಯವರನ್ನು ಒಪ್ಪಿಸುವುದಕ್ಕೆ ಅನ್ನಿಸಿತು. ಯಾರೂ ಹತ್ತಲಾರದ, ಯಾರ ಬಾಟಲಿಯೂ ಉರುಳದ, "ಅಮ್ಮಾ" ಅಂತ ಹಿಂದಿನಿಂದ ಕೂಗು ಬಾರದ ಒಂದು ಕಾರು. ನನ್ನ ದಿನದಲ್ಲಿ ಅಂಥ ಹೊತ್ತು ಯಾವುದಿದೆ ಅಂತ ಹುಡುಕಿದೆ. ಸಿಗಲಿಲ್ಲ. ಸಿಗ್ನಲ್ ಬಂತು.

ಆಫೀಸಿನ ಬೇಸ್‌ಮೆಂಟಿನಲ್ಲಿ ಬಾಗಿಲು ಒಂದು ಗೇಣು ತೆರೆಯಿತು, ಅಷ್ಟೇ. ಆಮೇಲೆ ಪಕ್ಕದ ಕಾರು. 1954ರಲ್ಲಿ ಬಂದ ಮರ್ಸಿಡಿಸ್ 300 ಎಸ್‌ಎಲ್ ಕೂಪೆಯ ಬಾಗಿಲು ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. ಅದರ ಕೊಳವೆ ಚೌಕಟ್ಟು ಪಕ್ಕದಲ್ಲಿ ತುಂಬಾ ಎತ್ತರವಿದ್ದದ್ದರಿಂದ ಮಾಮೂಲಿ ಬಾಗಿಲಿಗೆ ಜಾಗವಿರಲಿಲ್ಲ. ಹತ್ತಿ ಇಳಿಯುವವರಿಗೆ ಅಂತ ಸ್ಟೀರಿಂಗ್ ಚಕ್ರವನ್ನೂ ಮಡಚುವ ಹಾಗೆ ಮಾಡಿದ್ದರು. ನಾನು ಹೊಟ್ಟೆ ಒಳಗೆಳೆದುಕೊಂಡು ಆ ಗೇಣಿನಲ್ಲಿ ಹೊರಬರುವಾಗ ಅದೇ ವಾಸಿ ಅನ್ನಿಸಿತು. ದುಪಟ್ಟಾ ಮಾತ್ರ ಒಳಗೇ ಉಳಿಯಿತು.

"ನಾಲ್ಕು ಬಾಗಿಲಿನ ಕೂಪೆನೂ ಇದೆ ಮೇಡಂ" ಅಂದ ಹುಡುಗ, ಅದನ್ನು ಎಳೆದು ಕೊಡುತ್ತಾ. ಇದೆ, ಗೊತ್ತು. 2004ರಲ್ಲಿ ಮರ್ಸಿಡಿಸ್ ಸಿಎಲ್‌ಎಸ್ ಬಂದು ಗೆದ್ದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ರಾತ್ರಿ ಇವರಿಗೆ ಹೇಳಿದೆ. ಕುತ್ತಿಗೆಗೆ ಬಿಸಿನೀರಿನ ಚೀಲ ಇಟ್ಟುಕೊಂಡೇ, "ನಾಲ್ಕು ಬಾಗಿಲಿದ್ರೆ ಅದು ಕೂಪೆನಾ?" ಅಂತ ರೇಗಿದರು.

ಈಗ ಅವರ ಮೊಬೈಲಿನಲ್ಲಿ ಛಾವಣಿ ಬಿಚ್ಚುವ ಕನ್ವರ್ಟಿಬಲ್ ಕಾರಿನ ಫೋಟೋಗಳು ಓಡಾಡುತ್ತಿವೆ. ಛಾವಣಿಯೇ ಇಲ್ಲದಿದ್ದರೆ ತಲೆ ತಾಗುವ ಮಾತೇ ಇಲ್ಲ ಅಲ್ವಾ ಅನ್ನುವುದು ವಾದ. ಮಳೆ ಬಂದು ಛಾವಣಿ ಹಾಕಬೇಕಾದರೆ ಏನು ಮಾಡ್ತೀರಿ ಅಂತ ಕೇಳಿದೆ.

"ಮಳೆ ಬಂದ್ರೆ ನಾನು ಓಡಿಸ್ತೀನಿ, ನೀನು ಹಿಂದೆ ಕೂತ್ಕೋ" ಅಂದರು.