‘ಎಷ್ಟು ಎಕ್ಸ್?’ ಎಂದು ಕೇಳುವವರಿಗೆ

ಕೊಡಗಿನ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದು ವಾರವಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದ ಮೇಲೆ, ಪ್ರತಿವರ್ಷದಂತೆ ನಾವು ನಾಲ್ಕಾರು ಜನ ದರೆಯ ಬುಡದಲ್ಲಿ ರಟ್ಟಿನ ಗುರಿ ನಿಲ್ಲಿಸಿಕೊಂಡು ಕುಳಿತಿದ್ದೆವು. ನಮ್ಮೂರಿನ ಸ್ಪರ್ಧೆಯಲ್ಲಿ ಸ್ಕೋಪ್‌ಗೆ, ಅಂದರೆ ಕೋವಿಯ ಮೇಲೆ ಕೂರಿಸುವ ಗುರಿ ದುರ್ಬೀನಿಗೆ, ಅವಕಾಶವಿಲ್ಲವಾದ್ದರಿಂದ ಸ್ಕೋಪ್ ಹಾಕಿದ ಕೋವಿಗಳು ಚೀಲದಿಂದ ಹೊರಗೆ ಬರುವುದು ಈ ಹೊತ್ತಿನಲ್ಲೇ. ನನ್ನ ಪಾಯಿಂಟ್ ಟೂಟೂ (.22, ಸಣ್ಣ ಗುಂಡಿನ) ರೈಫಲ್ಲನ್ನು ತೆಗೆದದ್ದೇ ತಡ, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಯುವಕನೊಬ್ಬ (ಸಂಬಂಧದಲ್ಲಿ ನನಗೆ ಅಳಿಯನೇ ಆಗಬೇಕು) ಬಗ್ಗಿ ನೋಡಿ, “ಎಷ್ಟು ಎಕ್ಸ್ ಮಾವ?” ಎಂದ. ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂದರ್ಥ. ನಾಲ್ಕು ಎಂದೆ. “ನಾಲ್ಕರಿಂದ ಎಷ್ಟಕ್ಕೆ?” ಎಂದು ಕೇಳಿದ. ನಾಲ್ಕರಿಂದ ನಾಲ್ಕಕ್ಕೆ ಎಂದೆ. ಸುತ್ತ ನಿಂತವರೆಲ್ಲ ನಕ್ಕರು.

ಅವನದು 6ರಿಂದ 24 ಪಟ್ಟಿನವರೆಗೆ ಹಿಗ್ಗಿಸುವ, ಮುಂದಿನ ಮಸೂರವೇ 50 ಮಿಲಿಮೀಟರ್ ಅಗಲವಿರುವ, ಬಡಪಾಯಿ ರೈಫಲ್ಲಿನ ಮೇಲೆ ನೂಪುಟ್ಟಿನ (ಒತ್ತು ಶಾವಿಗೆಯ) ಒರಳನ್ನು ಅಡ್ಡ ಮಲಗಿಸಿದಂತೆ ಕಾಣುವ ಸಾಧನ. ಗುರಿ ಇದ್ದದ್ದು 25 ಗಜದಲ್ಲಿ. ಸಂಜೆ ಐದರ ಮೇಲಾಗಿತ್ತು, ಮಂಜು ಇಳಿಯತೊಡಗಿತ್ತು. ಆತ 24ಕ್ಕೆ ತಿರುಗಿಸಿದ, ಏನೂ ಕಾಣಲಿಲ್ಲ. 18ಕ್ಕೆ ಇಳಿಸಿದ, ರಟ್ಟಿನ ಅಂಚು ಎಲ್ಲಿದೆಯೆಂದು ಹುಡುಕಿದ. ಕೊನೆಗೆ 6ಕ್ಕೆ ತಂದು ಹೊಡೆದ. ಆಗ ಯಾರೂ ನಗಲಿಲ್ಲ. ಈ ಬರಹದ ಮೂಲ ಇರುವುದು ಅಲ್ಲಿಯೇ.

ನನ್ನ ತಕರಾರು ಇಷ್ಟೇ. ಸ್ಕೋಪ್ ಎಂದೊಡನೆ ‘ಎಷ್ಟು ಎಕ್ಸ್’ ಎಂದು ಕೇಳುತ್ತಾರೆಯೇ ಹೊರತು, ಝೀರೋ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಮಾಡಿದ ಹೊಂದಾಣಿಕೆ) ನಿಲ್ಲುತ್ತದೆಯೇ, ಅದನ್ನು ಹೊಂದಿಸುವ ತಿರುಪು ತಿರುಗಿಸಿದಷ್ಟು ಸರಿಯುತ್ತದೆಯೇ, ನಮ್ಮ ಮಳೆಗಾಲವನ್ನು ತಡೆಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಮೂರು ಸಾವಿರಕ್ಕೂ ಕಡಿಮೆ ಬೆಲೆಯ, ಹಿಗ್ಗಿಸಲೂ ಕುಗ್ಗಿಸಲೂ ಬಾರದ ಈ 4×32 (ನಾಲ್ಕು ಪಟ್ಟು, 32 ಮಿಲಿಮೀಟರ್ ಮುಂದಿನ ಮಸೂರ) ಸ್ಕೋಪನ್ನು ನಾಲ್ಕು ತಿಂಗಳು ಬಳಸಿದ ನಂತರ ಹೇಳುತ್ತಿದ್ದೇನೆ: ಇದರಲ್ಲಿ ದೋಷಗಳು ಬೇಕಾದಷ್ಟಿವೆ, ಆದರೆ ‘ನಾಲ್ಕೇ ಪಟ್ಟು’ ಎಂಬುದು ಆ ಪಟ್ಟಿಯಲ್ಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್. ಕತ್ತಲಲ್ಲಿ ಎಳೆಯರ ಪಾಪೆಯೂ ಹಿಗ್ಗುವುದು ಸುಮಾರು 7 ಮಿಲಿಮೀಟರಿನವರೆಗೆ, ನನ್ನಂತಹ ಐವತ್ತು ದಾಟಿದವರದು 5ರ ಆಸುಪಾಸು. ಅಂದರೆ ಮುಸ್ಸಂಜೆಯಲ್ಲಿ ನನ್ನ ಕಣ್ಣು ಕುಡಿಯಬಲ್ಲದ್ದಕ್ಕಿಂತ ಹೆಚ್ಚೇ ಅಗಲದ ಬೆಳಕನ್ನು ಈ ಅಗ್ಗದ ಕೊಳವೆ ಕೊಡುತ್ತದೆ. ಅಳಿಯನ 50ನ್ನು 24ರಿಂದ ಭಾಗಿಸಿ ನೋಡಿ, ಎರಡು ಮಿಲಿಮೀಟರ್ ಚಿಲ್ಲರೆ. ಅದು ಸ್ಕೋಪ್ ಅಲ್ಲ, ಬೀಗದ ರಂಧ್ರ. ನೋಟದ ಹರವು ಕೂಡ ಹಾಗೆಯೇ: 100 ಗಜದಾಚೆ ನಾಲ್ಕು ಪಟ್ಟಿನಲ್ಲಿ ಸುಮಾರು 30 ಅಡಿ ಅಗಲದ ಜಾಗ ಕಂಡರೆ, 24 ಪಟ್ಟಿನಲ್ಲಿ ಕಾಣುವುದು ನಾಲ್ಕೈದು ಅಡಿ, ಅದೂ ಎದೆಬಡಿತಕ್ಕೆ ತಕ್ಕಂತೆ ಕುಣಿಯುತ್ತಾ.

ಪೆಟ್ಟಿಗೆಯ ಮೇಲೆ ಕೊಂಬಿನ ಜಿಂಕೆಯ ಚಿತ್ರವಿದೆ. ಬೇಟೆಗೆ ಕಾನೂನಿನ ಅನುಮತಿಯಿರುವ ದೇಶಗಳವರಿಗಾಗಿ ಬರೆದ ಮಾತುಗಳೂ ಇವೆ. ಅಲ್ಲಿಯವರಿಗೆ, ವಿಶೇಷವಾಗಿ ಮರಗಳ ನಡುವೆ ಐವತ್ತು ಗಜದೊಳಗೆ ಗುಂಡು ಹೊಡೆಯುವವರಿಗೆ, ಇದು ತಕ್ಕ ಸಾಧನವೇ. ಅಡ್ಡಗೆರೆಗಳು ಅಂಚಿನಲ್ಲಿ ದಪ್ಪವಾಗಿ ನಡುವೆ ಸಣ್ಣಗಾಗುವ ಈ ವಿನ್ಯಾಸ, ಅಮೆರಿಕದ ಲ್ಯೂಪೋಲ್ಡ್ ಕಂಪನಿ 1962ರಲ್ಲಿ ‘ಡ್ಯೂಪ್ಲೆಕ್ಸ್’ ಎಂಬ ಹೆಸರಿನಲ್ಲಿ ತಂದದ್ದು, ಮಬ್ಬುಬೆಳಕಿನಲ್ಲಿ ಕಣ್ಣನ್ನು ತಾನಾಗಿ ನಡುವಿಗೆ ಎಳೆಯುತ್ತದೆ. ಇಲ್ಲಿ ಬೇಟೆಯ ಮಾತು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಮ್ಮ ಅಜ್ಜಂದಿರ ಕಥೆಗಳಲ್ಲಿ ಮಾತ್ರ ಇರಬೇಕಾದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ, ಈಗ 2029ರವರೆಗೆ ವಿಸ್ತರಣೆಯಾಗಿರುವ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು, ಕಾಡಿನ ಹಂದಿಗಲ್ಲ. ಇದನ್ನು ತಿಳಿಯದಂತೆ ನಟಿಸುವ ಮಹನೀಯರು ನನ್ನ ಸ್ನೇಹಿತರ ಪಟ್ಟಿಯಲ್ಲೂ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು.

ಇನ್ನು ಪರೀಕ್ಷೆ. 25 ಗಜದಲ್ಲಿ ಹಳೆಯ ಕಾಫಿ ಪುಡಿ ಪೆಟ್ಟಿಗೆಯ ರಟ್ಟು ನಿಲ್ಲಿಸಿ, ರೈಫಲ್ಲನ್ನು ಮರಳು ಚೀಲದ ಮೇಲೆ ಕೂರಿಸಿ, ನಡುವಿನ ಚುಕ್ಕೆಗೆ ಒಂದು ಗುಂಡು ಹೊಡೆದೆ. ಈ ಸ್ಕೋಪಿನ ತಿರುಪಿನ ಒಂದು ಕ್ಲಿಕ್ ಎಂದರೆ 100 ಗಜದಲ್ಲಿ ಕಾಲು ಅಂಗುಲ, 25 ಗಜದಲ್ಲಿ ಅಂಗುಲದ ಹದಿನಾರನೆಯ ಒಂದು ಪಾಲು. ಆದ್ದರಿಂದ 32 ಕ್ಲಿಕ್‌ಗೆ ಎರಡು ಅಂಗುಲ ಸರಿಯಬೇಕು. ಬಲಕ್ಕೆ 32, ಕೆಳಕ್ಕೆ 32, ಎಡಕ್ಕೆ 32, ಮೇಲಕ್ಕೆ 32 ತಿರುಗಿಸುತ್ತಾ, ಪ್ರತಿ ಬಾರಿಯೂ ಅದೇ ಚುಕ್ಕೆಗೆ ಗುರಿಯಿಟ್ಟು ಒಂದೊಂದು ಗುಂಡು ಹೊಡೆದರೆ ಚೌಕ ಮೂಡಿ, ಐದನೆಯದು ಮೊದಲನೆಯ ತೂತಿಗೇ ಬರಬೇಕು. ನನ್ನ ಚೌಕದ ಮೂರನೆಯ ಮೂಲೆ ಕಿರುಬೆರಳ ಉಗುರಿನಷ್ಟು ಒಳಗೆ ಬಿತ್ತು. ಐದನೆಯ ಗುಂಡು ಮಾತ್ರ ಮೊದಲ ತೂತಿನ ಅಂಚನ್ನು ಕಚ್ಚಿ ಎಂಟರ ಆಕಾರ ಮಾಡಿತು. ಈ ಬೆಲೆಗೆ ನಾನು ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಅಗ್ಗದ ತಿರುಪುಗಳಿಗೊಂದು ಸೋಮಾರಿತನವಿದೆ: ತಿರುಗಿಸಿದ ತಕ್ಷಣ ಸರಿಯದೆ, ಒಂದು ಗುಂಡಿನ ಪೆಟ್ಟು ತಿಂದ ಮೇಲೆ ಸರಿಯುತ್ತವೆ. ತಿರುಗಿಸಿದ ಮೇಲೆ ಬೆರಳಿನಿಂದ ಮೆಲ್ಲಗೆ ಎರಡು ಬಾರಿ ತಟ್ಟಿದರೆ ಸಾಕು. ಒಮ್ಮೆ 50 ಗಜಕ್ಕೆ ಝೀರೋ ಮಾಡಿಟ್ಟ ಮೇಲೆ ತಿರುಪಿನ ಗೋಜೇ ಬೇಡ; 100 ಗಜಕ್ಕೆ ಪಾಯಿಂಟ್ ಟೂಟೂ ಗುಂಡು ಆರೇಳು ಅಂಗುಲ ಇಳಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಅಷ್ಟು ಮೇಲಕ್ಕೆ ಗುರಿಯಿಡುವುದೇ ಲೇಸು.

ದೋಷಗಳನ್ನೂ ಮುಚ್ಚಿಡುವುದಿಲ್ಲ. ನೋಟದ ಅಂಚು ಹಾಲಿನಲ್ಲಿ ಅದ್ದಿದಂತೆ ಮಸುಕು. ಬಿಸಿಲು ಎದುರಿಗಿದ್ದರೆ ಒಳಗೆಲ್ಲ ಬಿಳುಪು. ಸ್ಕೋಪನ್ನು ಕೋವಿಗೆ ಬಿಗಿಯಲು ಪೆಟ್ಟಿಗೆಯಲ್ಲಿ ಕೊಟ್ಟ ಉಂಗುರಗಳಂತೂ ಆಟದ ಸಾಮಾನು; ಎರಡು ವಾರ ಗುಂಡುಗಳು ಮನಬಂದಂತೆ ಚೆದುರಿದಾಗ ಸ್ಕೋಪನ್ನು ಬೈದೆ, ತಯಾರಿಸಿದವರನ್ನು ಬೈದೆ, ಕಡೆಗೆ ನೋಡಿದರೆ ಉಂಗುರದ ತಿರುಪು ಸಡಿಲವಾಗಿ ಕೊಳವೆಯೇ ಹಿಂದಕ್ಕೆ ಜಾರುತ್ತಿತ್ತು. ಒಳ್ಳೆಯ ಉಂಗುರ ತಂದು ಬಿಗಿದ ದಿನದಿಂದ ಝೀರೋ ಕದಲಿಲ್ಲ. ನಿಜವಾದ ಕೊರತೆಯೆಂದರೆ ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಂತೆ ಅಡ್ಡಗೆರೆ ಗುರಿಯ ಮೇಲೆ ಸರಿದಂತೆ ಕಾಣುವುದು. ಇದನ್ನು ಕಾರ್ಖಾನೆಯಲ್ಲೇ 100 ಗಜಕ್ಕೆ ಕಟ್ಟಿಟ್ಟಿದ್ದಾರೆ. 25 ಗಜದಲ್ಲಿ ಕಣ್ಣು ನಡುವಿನಿಂದ ಪೂರ್ತಿ ಪಕ್ಕಕ್ಕೆ ಸರಿದರೆ, ಕೋವಿ ಅಲುಗದಿದ್ದರೂ ಗುರಿ 12 ಮಿಲಿಮೀಟರಿನವರೆಗೆ ತಪ್ಪಬಹುದು. ತೆಂಗಿನಕಾಯಿಗೆ ಅದೇನೂ ಅಲ್ಲ, ಕೋಳಿಮೊಟ್ಟೆಗೆ ಬಹಳವಾಯಿತು. ಕೆನ್ನೆಯನ್ನು ಪ್ರತಿ ಬಾರಿಯೂ ಹಿಡಿಯ ಅದೇ ಜಾಗಕ್ಕೆ ಒತ್ತುವುದೊಂದೇ ದಾರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸ್ಪ್ರಿಂಗ್ ಏರ್‌ಗನ್ ಇರುವವರು ಮಾತ್ರ ನನ್ನ ಮಾತು ಕೇಳಿ ಇದನ್ನೇ ಕೊಳ್ಳಬೇಡಿ. ಆ ಕೋವಿ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಏರ್‌ಗನ್ನಿಗೆಂದೇ ಮಾಡದ ಸ್ಕೋಪುಗಳ ಹೊಟ್ಟೆ ಅದರಲ್ಲೇ ಕಳಚಿ ಬೀಳುತ್ತದೆ.

ಮಳೆಯ ವಿಚಾರಕ್ಕೆ ಬಂದರೆ, ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಸ್ಕೋಪನ್ನು ಮುಳುಗಿಸಿ ಐದು ನಿಮಿಷ ಕಾದೆ. ಗುಳ್ಳೆ ಏಳಲಿಲ್ಲ. ಆಮೇಲೆ ಒಂದು ಗಂಟೆ ಫ್ರಿಜ್ಜಿನಲ್ಲಿ ಹಂದಿ ಸಾರಿನ ಪಾತ್ರೆಯ ಪಕ್ಕ ಮಲಗಿಸಿ, ಹಬೆಯಾಡುವ ಅಡುಗೆಮನೆಯಲ್ಲೇ ಹೊರತೆಗೆದೆ. ಹೊರಗಿನ ಗಾಜು ಬೆವರಿತು, ಒರೆಸಿದರೆ ಒಳಗು ಸ್ವಚ್ಛವಾಗಿತ್ತು. ಈ ಪರೀಕ್ಷೆಯಿಂದ ಮನೆಯಲ್ಲಿ ನಾನು ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯಲಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಈ ನಾಡಿನಲ್ಲಿ, ಪಟ್ಟು ಎಷ್ಟು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಲ್ಲವೇ?

“ಗುರಿ ಅಭ್ಯಾಸಕ್ಕಾದರೂ ಹೆಚ್ಚು ಪಟ್ಟು ಬೇಡವೇ, ಬೇಕಾದಾಗ ಇಳಿಸಿಕೊಂಡರಾಯಿತಲ್ಲ” ಎಂದು ನಮ್ಮೂರಿನ ನಿವೃತ್ತ ಮೇಷ್ಟರೊಬ್ಬರು ಕೇಳಿದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ದೂರದ ರಟ್ಟಿನ ಮೇಲೆ ಮಿಲಿಮೀಟರ್ ಎಣಿಸುವವರಿಗೆ 24 ಏಕೆ, 36 ಪಟ್ಟೂ ಬೇಕು, ಅವರು ಅದಕ್ಕೆ ತಕ್ಕ ಬೆಲೆಯನ್ನೂ ತೆರುತ್ತಾರೆ. ಆದರೆ 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಸ್ಕೋಪ್ ಹಾಕುವಂತೆಯೇ ಇಲ್ಲ. ಬಿಂದ್ರಾ ಜೊತೆ ನಮ್ಮನ್ನು ಹೋಲಿಸುವುದು ಅನ್ಯಾಯ ಎಂದರು ಮೇಷ್ಟರು. ಒಪ್ಪಿದೆ. ಹಾಗಾದರೆ 25 ಗಜದ ಮೊಟ್ಟೆಗೆ 24 ಪಟ್ಟು ಕೇಳುವುದು ಯಾವ ನ್ಯಾಯ? ಅಗ್ಗದ ಹಿಗ್ಗಿಸುವ ಸ್ಕೋಪಿನಲ್ಲಿ ಅದೇ ದುಡ್ಡು ಹೆಚ್ಚು ಮಸೂರಗಳಿಗೆ, ಒಳಗೆ ಜಾರುವ ಭಾಗಗಳಿಗೆ, ನೀರು ನುಸುಳಬಹುದಾದ ಇನ್ನೊಂದು ಸಂದಿಗೆ ಹಂಚಿಹೋಗಿರುತ್ತದೆ. ಕೊನೆಗೆ ಯಾವುದೂ ನೆಟ್ಟಗಿರುವುದಿಲ್ಲ.

ನನಗಿದು ಹೇಗೆ ಗೊತ್ತು? ಮೂರು ವರ್ಷದ ಹಿಂದೆ ನಾನೂ ಒಂದು 6-24ನ್ನು ಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಒಂದೇ ಮಳೆಗಾಲಕ್ಕೆ ಅದರ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು. ಈಗ ಅದು ಬೀರುವಿನ ಮೇಲಿನ ಖಾನೆಯಲ್ಲಿ ಹಳೆಯ ಕಂಬಳಿಯೊಳಗಿದೆ. ಅಳಿಯನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅವನು ನಕ್ಕದ್ದಕ್ಕೋ, ಆ ಕಂಬಳಿ ನೆನಪಾದದ್ದಕ್ಕೋ ಸರಿಯಾಗಿ ಹೇಳಲಾರೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈ ಬಾರಿ ತೆಂಗಿನಕಾಯಿ ಸ್ಪರ್ಧೆಯಲ್ಲಿ ನಾನು ಮೊದಲ ಸುತ್ತಿನಲ್ಲೇ ಸೋತೆ. ಗಾಳಿ ಎಂದು ಎಲ್ಲರಿಗೂ ಹೇಳಿದೆ, ಗಾಳಿ ಇರಲಿಲ್ಲ. ನಳಿಗೆಯ ತುದಿಯ ಮಣಿ ನನಗೆ ಈಗ ಒಂದಾಗಿ ಕಾಣುವುದಿಲ್ಲ, ಉಣ್ಣೆಯ ಉಂಡೆಯಂತೆ ಕಾಣುತ್ತದೆ. ಹಿಂದಿನ ಕಚ್ಚು, ಮುಂದಿನ ಮಣಿ, ಆಚೆಯ ಕಾಯಿ, ಮೂರನ್ನೂ ಒಟ್ಟಿಗೆ ಹಿಡಿಯುವ ಕಾಲ ಈ ಕಣ್ಣುಗಳಿಗೆ ಮುಗಿಯಿತು. ಸ್ಕೋಪಿನೊಳಗೆ ಅಡ್ಡಗೆರೆಯೂ ಗುರಿಯೂ ಒಂದೇ ದೂರದಲ್ಲಿ ಕುಳಿತಿರುತ್ತವೆ. ನನಗೆ ಬೇಕಾದದ್ದು ಅಷ್ಟೇ, ಅದನ್ನು ನಾಲ್ಕು ಪಟ್ಟು ಮಾಡಿಕೊಡುತ್ತದೆ. ಬರುವ ವರ್ಷವೂ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುವ ಕೋವಿಗಳ ಸಾಲಿನಲ್ಲಿ ಈ ರೈಫಲ್ಲನ್ನು ಸ್ಕೋಪಿನ ಸಮೇತ ಇಡುತ್ತೇನೆ, ಹಿರಿಯರು ಏನಾದರೂ ಅಂದುಕೊಳ್ಳಲಿ.

ಐದು ತೂತಿನ ಆ ರಟ್ಟು ಜಗಲಿಯ ಗೋಡೆಯ ಮೇಲಿದೆ. ನಂಬಿಕೆಯಿಲ್ಲದವರು ಭಾನುವಾರ ಬಂದು ನೋಡಬಹುದು, ಅಳಿಯನೂ ಬರಲಿ, ಊಟಕ್ಕೆ ಕಡುಂಬುಟ್ಟು ಇರುತ್ತದೆ. ಫ್ರಿಜ್ಜಿನ ವಿಷಯವನ್ನು ಮಾತ್ರ ನನ್ನ ಮನೆಯವಳ ಎದುರು ಯಾರೂ ಎತ್ತಬೇಡಿ.